ಏಳರ ಬೆನ್ನಿಗೆ ಹತ್ತು

ಅಕ್ಕನ ಕನಸಿಗೆ ಎಂಟು ಮತ್ತು ಒಂಬತ್ತು ಜೋಡಿಯಾಗಿ ಬರುತ್ತಿದ್ದವು. ಎಂಟು ಮುಂದೆ, ಒಂಬತ್ತು ಹಿಂದೆ. ಬೆಳಕು ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಹೊತ್ತಿನಲ್ಲಿ, ಎರಡೂ ಬದಿಗೆ ಮನೆಗಳಿಲ್ಲದ ಒಂದು ಉದ್ದನೆಯ ರಸ್ತೆಯಲ್ಲಿ, ಊರು ಬಿಟ್ಟು ಹೊರಟ ಗಂಡಹೆಂಡಿರ ಹಾಗೆ ಮಾತಿಲ್ಲದೆ ನಡೆದು ಹೋಗುತ್ತಿದ್ದವು. ಕೂಗಬೇಕು ಅನ್ನಿಸಿದರೂ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಎಚ್ಚರವಾದ ಮೇಲೆ ಹಾಸಿಗೆಯಲ್ಲೇ ಕೂತು, ಅಂಕೆಗಳಿಗೆ ಕಾಲು ಎಲ್ಲಿಂದ ಬಂತು ಎಂದು ತನ್ನನ್ನು ತಾನೇ ಗದರಿಕೊಂಡು, ಮುಖ ತೊಳೆದು ಕೆಲಸಕ್ಕೆ ಹೊರಡುತ್ತಿದ್ದಳು.

ಅವಳ ಕೆಲಸ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕುವುದು. ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಅವಳದೊಂದು ಉದ್ದನೆಯ ಮೇಜು, ಅಂಟಿನ ಡಬ್ಬಿ, ದಾರದ ಉಂಡೆಗಳು, ಪುಸ್ತಕಗಳನ್ನು ಹಿಂಡಿ ಹಿಡಿಯುವ ಕಬ್ಬಿಣದ ಪ್ರೆಸ್ಸು. ಮೇಲಿನ ಕಿಟಕಿಯಲ್ಲಿ ದಾರಿಹೋಕರ ಪಾದಗಳಷ್ಟೇ ಕಾಣುತ್ತಿದ್ದವು. ಮುಖವಿಲ್ಲದ ಆ ಪಾದಗಳ ಕೆಳಗೆ ದಿನವಿಡೀ ಮಾತಾಡದೆ ಕೂರುವುದು ಅವಳಿಗೆ ಒಗ್ಗಿಹೋಗಿತ್ತು. ಆ ಕಟ್ಟಡದಲ್ಲಿ ಎಲ್ಲರಿಗೂ ಅವಳು ಬೈಂಡಿಂಗ್ ಅಕ್ಕ. ಅವಳಿಗಿಂತ ಹಿರಿಯರಾದ ಗ್ರಂಥಪಾಲಕರಿಗೂ ಅಕ್ಕನೇ.

ಯಾವ ಪುಸ್ತಕ ಬಂದರೂ ಅವಳು ಮೊದಲು ಮಾಡುವುದು ಪುಟ ಎಣಿಸುವುದು. ಓದುವುದಿಲ್ಲ. ಓದುವವರು ಬೇರೆ, ಎಣಿಸುವವರು ಬೇರೆ, ಓದುತ್ತಾ ಕೂತರೆ ಅಂಟು ಒಣಗುತ್ತದೆ ಅನ್ನುತ್ತಿದ್ದಳು. ಎಣಿಸಿದ ಮೇಲೆ, ಇಲ್ಲದ ಪುಟಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮೊದಲ ಹಾಳೆಗೆ ಅಂಟಿಸುತ್ತಿದ್ದಳು. ಅಕ್ಕನ ಚೀಟಿ ಇಲ್ಲ ಎಂದರೆ ಇಲ್ಲ. ಅದರ ಮೇಲೆ ಯಾರೂ ಮತ್ತೆ ಎಣಿಸಿ ನೋಡಿದ್ದಿಲ್ಲ.

ಅಂಥದೊಂದು ಚೀಟಿಯೇ ಅವಳ ತಮ್ಮನನ್ನು ಅವಳಿಂದ ದೂರ ಮಾಡಿತ್ತು.

ಅವರ ಅಪ್ಪ ಬಂದರಿನ ಕಚೇರಿಯಲ್ಲಿ ಸಮುದ್ರದ ಉಬ್ಬರ ಇಳಿತದ ಲೆಕ್ಕ ಹಾಕುವ ಯಂತ್ರವನ್ನು ನೋಡಿಕೊಳ್ಳುತ್ತಿದ್ದರು. ಅದಕ್ಕೆ ಮಿನಿ ಕಂಪ್ಯೂಟರ್ ಎಂದು ಹೆಸರು. ಮಿನಿ ಎಂದರೆ ಅಂಗೈಯಲ್ಲಿ ಹಿಡಿಸುವಂಥದ್ದಲ್ಲ. ಬಟ್ಟೆಯ ಬೀರುವಿನಷ್ಟು ಎತ್ತರ, ಎತ್ತಲು ಮೈಕಟ್ಟಿನ ನಾಲ್ಕು ಆಳು ಬೇಕು. ಕೋಣೆ ತುಂಬುವ ಯಂತ್ರಗಳಿದ್ದ ಕಾಲದಲ್ಲಿ ಅದು ಮಿನಿ ಅನ್ನಿಸಿಕೊಂಡಿತ್ತು, ಅಷ್ಟೆ. ಅದನ್ನು ಮಾಡಿದ ಕಂಪನಿ ತೀರಾ ಸಣ್ಣದು. ಬೆರಳೆಣಿಕೆಯ ಯಂತ್ರಗಳನ್ನು ಮಾಡಿ ಬಾಗಿಲು ಹಾಕಿತ್ತು. ಕಚೇರಿಯವರು ಯಂತ್ರವನ್ನು ಗುಜರಿಗೆ ಹಾಕಲು ಹೊರಟಾಗ ಅಪ್ಪ ಅದನ್ನು ಮನೆಗೆ ಹೊರಿಸಿಕೊಂಡು ಬಂದರು. ಆಗಿನ್ನೂ ಬದುಕಿದ್ದ ಅಮ್ಮ ನಡುಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಇದಕ್ಕೂ ಒಂದು ತಟ್ಟೆ ಇಡ್ಬೇಕಾ ಇನ್ಮೇಲೆ?" ಎಂದು ಕೇಳಿದ್ದಳು.

ಅಪ್ಪ ಹೋದ ಮೇಲೆ ಯಂತ್ರ ತಮ್ಮನ ಪಾಲಿಗೆ ಬಂತು. ಅವನು ಲಿಫ್ಟ್ ರಿಪೇರಿಯವನು, ಊರಾಚೆ ಅವನದೊಂದು ಶೆಡ್ಡಿತ್ತು. ಬಾಡಿಗೆ ಮನೆ ಖಾಲಿ ಮಾಡಿಕೊಡುವ ಕೆಲಸ ಅಕ್ಕನ ತಲೆಗೆ ಬಿತ್ತು. ಅಪ್ಪನ ಕೋಣೆಯಲ್ಲಿ ಕಾಗದವೋ ಕಾಗದ. ಒಂದೊಂದನ್ನೂ ನೋಡುತ್ತಾ ಕೂತರೆ ಎದೆ ಒಡೆದೀತು ಎಂದು ಅವಳು ನೋಡದೆ ಕಟ್ಟು ಕಟ್ಟಿ ರದ್ದಿಯವನಿಗೆ ಕೊಟ್ಟಳು. ಯಂತ್ರದ ಕೈಪಿಡಿ ಮಾತ್ರ ಉಳಿಸಿಕೊಂಡಳು. ಅದು ಅಪ್ಪ ಕಚೇರಿಯ ಪ್ರತಿಯಿಂದ ತೆಗೆಸಿಟ್ಟುಕೊಂಡಿದ್ದ ಜೆರಾಕ್ಸ್: ಒಂದೇ ಬದಿಗೆ ಅಚ್ಚಾದ ಬಿಡಿ ಹಾಳೆಗಳು, ಒಂದು ಫೈಲು. ಹಾಳೆಗಳ ಅಂಚಿನಲ್ಲಿ ತುಕ್ಕು ಹಿಡಿದ ಕ್ಲಿಪ್ಪಿನ ಗುರುತುಗಳು. ತಮ್ಮನಿಗೆ ಕಳಿಸುವ ಮುಂಚೆ ರೂಢಿಯಂತೆ ಎಣಿಸಿದಳು. ಎಂಟು, ಒಂಬತ್ತು ಇರಲಿಲ್ಲ. ಹದಿನೆಂಟು, ಹತ್ತೊಂಬತ್ತು ಇರಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತೂ ಇಲ್ಲ. ಕೊನೆಯ ಹಾಳೆ ಎಪ್ಪತ್ತೇಳರವರೆಗೂ ಇದೇ ಕಥೆ. ಕೈ ತನ್ನ ಪಾಡಿಗೆ ಚೀಟಿ ಬರೆಯಿತು, ಅಂಟಿಸಿತು.

ಫೈಲು ತಲುಪಿದ ದಿನ ತಮ್ಮನ ಫೋನು ಬಂತು.

"ಅಕ್ಕ, ಇದು ನಿನ್ನ ಅಕ್ಷರನೇ ತಾನೆ?"

"ಹೂಂ ಪುಟ್ಟ."

"ಇಷ್ಟು ಪುಟ ಎಲ್ಲಿ ಹೋಯ್ತು?"

ಅವಳಿಗೆ ರದ್ದಿಯವನ ತಕ್ಕಡಿ ಕಣ್ಣಮುಂದೆ ಬಂತು. "ಗೊತ್ತಾಗ್ಲಿಲ್ಲ ಕಣೋ."

"ಊರವರ ಪುಸ್ತಕದಲ್ಲಿ ಒಂದು ಹಾಳೆ ಇಲ್ಲದಿದ್ರೂ ಗೊತ್ತಾಗುತ್ತೆ ನಿಂಗೆ. ಅಪ್ಪಂದು ಮಾತ್ರ ತೂಕಕ್ಕೆ ಹಾಕಿಬಿಟ್ಟೆ."

ಅಷ್ಟೇ ಮಾತು. ಆಮೇಲೆ ಅವನು ಮಾಡಲಿಲ್ಲ, ಇವಳೂ ಮಾಡಲಿಲ್ಲ. ಮೊದಮೊದಲು ಸಿಟ್ಟಾಗಿದ್ದ ಮೌನ ನಿಧಾನಕ್ಕೆ ಅಭ್ಯಾಸವಾಯಿತು, ಕಡೆಗೆ ಮನೆಯಲ್ಲಿ ಇನ್ನೊಬ್ಬರಿದ್ದ ಹಾಗಾಯಿತು. ಪುಟ ಕಳೆದವಳು ಪುಟ್ಟನನ್ನೂ ಕಳೆದೆ ಎಂದು ಒಮ್ಮೊಮ್ಮೆ ಅಂಟು ಕಲಸುತ್ತಾ ಅಂದುಕೊಳ್ಳುವಳು. ಪುಟಗಳು ಹೇಗೆ ಹೋದವು ಎಂಬುದಕ್ಕೆ ಅವಳ ಮನಸ್ಸು ಒಂದು ಪೂರಾ ಕಥೆ ಹೊಸೆದಿಟ್ಟಿತ್ತು: ಅಪ್ಪ ಹತ್ತು ಹತ್ತು ಪುಟಕ್ಕೊಂದು ಕ್ಲಿಪ್ಪು ಹಾಕಿರಬೇಕು, ತುಕ್ಕು ಹಿಡಿದು ಹಿಡಿತ ಸಡಿಲಾಗಿ ಪ್ರತಿ ಕಟ್ಟಿನ ಕೊನೆಯ ಎರಡು ಹಾಳೆ ಜಾರಿ ಬಿದ್ದಿರಬೇಕು, ಅವನ್ನೇ ತಾನು ಗುಡಿಸಿ ರದ್ದಿಗೆ ಸೇರಿಸಿರಬೇಕು. ಗುಡಿಸಿದ್ದು ಅವಳಿಗೆ ನೆನಪೇ ಇತ್ತು. ನಡೆಯದ ಸಂಗತಿಗೂ ನೆನಪು ಹುಟ್ಟುತ್ತದೆ ಎಂಬುದು ಆಗ ಅವಳಿಗೆ ತಿಳಿದಿರಲಿಲ್ಲ.

ಇಬ್ಬರ ನಡುವೆ ಸುದ್ದಿ ಓಡಾಡುತ್ತಿದ್ದುದು ತಮ್ಮನ ಹೆಂಡತಿಯಿಂದ. ಒಂದು ಮಧ್ಯಾಹ್ನ ಅವಳು ಗ್ರಂಥಾಲಯಕ್ಕೇ ಫೋನು ಮಾಡಿದಳು.

"ಅತ್ತಿಗೆ, ಇವರು ಯಂತ್ರಾನ ಗುಜರಿಗೆ ಕೊಡ್ತಾರಂತೆ. ಬರೋ ತಿಂಗಳು ಲಾರಿ ಬರುತ್ತೆ."

"ಯಾಕಂತೆ?"

"ಶೆಡ್ಡಲ್ಲಿ ಜಾಗ ಇಲ್ಲ ಅಂತಾರೆ. ಸುಳ್ಳು. ರಜಾ ದಿನ ಬಂದ್ರೆ ಅದರ ಮೇಲಿನ ಬಟ್ಟೆ ತೆಗೆದು ಒರೆಸ್ತಾರೆ, ಫ್ಯಾನಿಗೆ ಎಣ್ಣೆ ಬಿಡ್ತಾರೆ, ಕರೆಂಟು ಕೊಟ್ಟು ದೀಪ ನೋಡ್ತಾರೆ, ಆಮೇಲೆ ನಿಮ್ಮ ಚೀಟಿ ತೆಗೆದು ಓದ್ತಾರೆ. ಓದಿ ಮತ್ತೆ ಬಟ್ಟೆ ಮುಚ್ತಾರೆ. ಇನ್ನು ನಂಗಾಗಲ್ಲ ಅಂದ್ರು ಮೊನ್ನೆ." ಅವಳು ದನಿ ತಗ್ಗಿಸಿದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಯಂತ್ರ ಇರೋವರೆಗೆ ನಿಮ್ಮಿಬ್ಬರ ನಡುವೆ ಜಗಳ ಆದ್ರೂ ಇದೆ. ಅದೂ ಹೋದ್ರೆ ಏನಿರುತ್ತೆ?"

ಫೋನು ಇಟ್ಟ ಮೇಲೆ ಅಕ್ಕ ಮೇಲಿನ ಕಿಟಕಿಯಲ್ಲಿ ಹಾದುಹೋಗುವ ಪಾದಗಳನ್ನು ನೋಡುತ್ತಾ ಕೂತಳು. ಲಾರಿ ಬರುವುದರೊಳಗೆ ಆ ಪುಟಗಳು ಸಿಗಬೇಕು. ಸಿಗದಿದ್ದರೆ ಯಂತ್ರದ ಜೊತೆಗೆ ತಮ್ಮನೂ ಹೋದಂತೆ. ಅವಳಿಗೆ ಇದಕ್ಕಿಂತ ಸ್ಪಷ್ಟವಾಗಿ ಬದುಕಿನಲ್ಲಿ ಏನೂ ಕಂಡಿರಲಿಲ್ಲ.

ಹುಡುಕಾಟ ಶುರುವಾಯಿತು. ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು, ಸತ್ತ ಕಂಪನಿಯ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಹಾಕಿದರೆ ಪರದೆ ಬಹಳ ಹೊತ್ತು ಬೆಳ್ಳಗಿದ್ದು ಏನೂ ಸಿಗಲಿಲ್ಲ ಅನ್ನುತ್ತಿತ್ತು. ಬೇರೆ ಊರುಗಳ ಬಂದರು ಕಚೇರಿಗಳಿಗೆ ಫೋನು ಮಾಡಿದಳು. ಒಂದು ಕಡೆ ಎತ್ತಿದವರು "ಕಂಪ್ಯೂಟರ್ ರಿಪೇರಿಗೆ ಕೆಳಗಡೆ ಅಂಗಡಿ ಇದೆ ನೋಡಿ" ಅಂದರು. ಇನ್ನೊಂದು ಕಡೆ ಒಬ್ಬರು ತಾವು ಆ ಯಂತ್ರವನ್ನು ಸಣ್ಣವರಿದ್ದಾಗ ನೋಡಿದ್ದಾಗಿಯೂ ಅದು ರಾತ್ರಿ ಗುನುಗುತ್ತಿದ್ದುದಾಗಿಯೂ ಹೇಳಿ, ಆಮೇಲೆ ಅದು ಪಕ್ಕದ ಮಂಜುಗಡ್ಡೆ ಕಾರ್ಖಾನೆಯ ಸದ್ದೂ ಇರಬಹುದು ಎಂದು ಅನುಮಾನಿಸಿದರು. ಹೀಗೆ ಅವರಿಂದ ಇವರಿಗೆ, ಇವರಿಂದ ಇನ್ಯಾರಿಗೋ ದಾಟುತ್ತಾ ದಾಟುತ್ತಾ ಅವಳು ಕೋಳಿಶೆಡ್ಡಿನ ಮಾವನಲ್ಲಿಗೆ ಬಂದಳು.

ಅವರು ಯಾರ ಮಾವನೂ ಅಲ್ಲ. ಹಳೆಯ ಯಂತ್ರಗಳ ಹುಚ್ಚಿನ ಮಂದಿ ಅವರನ್ನು ಹಾಗೆ ಕರೆಯುತ್ತಿದ್ದರು. ಕೋಳಿ ಸಾಕಿ ಕೈಸುಟ್ಟುಕೊಂಡು, ಖಾಲಿ ಬಿದ್ದ ಉದ್ದನೆಯ ಶೆಡ್ಡಿನಲ್ಲಿ ಗುಜರಿಯಿಂದ ಬಿಡಿಸಿ ತಂದ ಮಿನಿ ಕಂಪ್ಯೂಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅಕ್ಕ ಅಲ್ಲಿಗೆ ಹೋದಾಗ ತಗಡಿನ ಸಂದಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಬೆಳಕಿನಲ್ಲಿ ಧೂಳಿನ ಜೊತೆ ಎಂದಿನದೋ ಒಂದೆರಡು ಪುಕ್ಕಗಳೂ ತೇಲುತ್ತಿದ್ದವು. ಯಂತ್ರಗಳು ಎರಡೂ ಬದಿಗೆ ಕಣ್ಣುಮುಚ್ಚಿ ನಿಂತ ದನಗಳ ಹಾಗೆ ಸುಮ್ಮನಿದ್ದವು. ಅವುಗಳ ನಡುವೆ ನಡೆಯುವಾಗ ಅವಳು ತನಗರಿವಿಲ್ಲದೆ ತುದಿಗಾಲಲ್ಲಿ ನಡೆದಳು.

"ಗಟ್ಟಿಯಾಗೇ ನಡೀರಿ," ಅಂದರು ಮಾವ. "ಎದ್ದರೆ ನಂಗೇ ಖುಷಿ."

ಇಂಥ ಯಂತ್ರ ಏಳುವುದು ಹೇಗೆ ಎಂದು ಅವರೇ ಅವಳಿಗೆ ಹೇಳಿದ್ದು. ಕರೆಂಟು ಕೊಟ್ಟರೆ ದೀಪ ಹತ್ತುತ್ತದೆ, ಅಷ್ಟೆ. ತಾನು ಯಾರು, ಏನು ಮಾಡಬೇಕು, ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ. ಅದರ ತಂತ್ರಾಂಶವೆಲ್ಲ ತೂತು ತೂತಿನ ಕಾಗದದ ಪಟ್ಟಿಯ ಸುರುಳಿಯಲ್ಲಿರುತ್ತದೆ. ಆದರೆ ಸುರುಳಿಯನ್ನು ಓದುವುದು ಹೇಗೆ ಎಂಬುದನ್ನೂ ಮರೆತು ಎದ್ದಿರುತ್ತದೆ. ಹಾಗಾಗಿ ಮೊದಲ ಕೆಲವು ಆಜ್ಞೆಗಳನ್ನು ಎದುರಿನ ಸಣ್ಣ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಕೈಯಾರೆ ಉಣಿಸಬೇಕು. ಯಾವ ಸ್ವಿಚ್ಚು ಮೇಲೆ, ಯಾವುದು ಕೆಳಗೆ ಎಂಬುದು ಕೈಪಿಡಿಯಲ್ಲಿರುತ್ತದೆ, ಪುಟಕ್ಕೊಂದು ಆಜ್ಞೆ. ಒಂದು ತಪ್ಪಿದರೂ ಅದು ಮುಖ ತಿರುಗಿಸಿ ಮಲಗುತ್ತದೆ.

"ಸುರುಳಿ ಇದೆಯಾ ನಿಮ್ಮ ಹತ್ರ?"

"ಇದೆ. ಅಪ್ಪ ತಗಡಿನ ಡಬ್ಬೀಲಿ ಇಟ್ಟಿದ್ರು. ತಮ್ಮನ ಹತ್ರ ಇದೆ."

"ಹಂಗಾದ್ರೆ ಅರ್ಧ ಜೀವ ಬಂತು. ಕೈಪಿಡೀಲಿ ಯಾವ ಯಾವ ಪುಟ ಇಲ್ಲ?"

ಅಕ್ಕ ನೆಲ ನೋಡಿದಳು. ಆ ಸಂಖ್ಯೆಗಳನ್ನು ಬಾಯಿಬಿಟ್ಟು ಹೇಳುವುದೆಂದರೆ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿದ ಹಾಗೆ ಅನ್ನಿಸಿತು. "ಎಷ್ಟೋ ಇಲ್ಲ. ಅಲ್ಲೊಂದು ಇಲ್ಲೊಂದು," ಅಂದಳು.

ಮಾವ ಕೆದಕಲಿಲ್ಲ. ಆ ಕಂಪನಿಯ ಯಂತ್ರ ತಮ್ಮಲ್ಲಿಲ್ಲ, ಕೈಪಿಡಿಯೂ ಇಲ್ಲ ಎಂದು ಬೇಸರಪಟ್ಟು, ತಲೆ ಕೆರೆದು, ಕಡೆಗೆ ಒಂದು ವಿಳಾಸ ಬರೆದುಕೊಟ್ಟರು. "ಆ ಕಂಪನೀಲಿ ಕೈಪಿಡಿಗಳನ್ನ ಬರೀತಿದ್ದ ಹೆಂಗಸು ಇನ್ನೂ ಇದ್ದಾರೆ. ಫೋನಲ್ಲಿ ಕೇಳಿದ್ರೆ ಬೈತಾರೆ. ಎದುರಿಗೆ ಹೋದ್ರೂ ಬೈತಾರೆ, ಆದ್ರೆ ಕೂರಿಸಿ ಬೈತಾರೆ."

ಕೈಪಿಡಿ ಬರೆದಾಕೆಯ ಮನೆ ಎರಡನೇ ಮಹಡಿಯಲ್ಲಿತ್ತು. ಅಕ್ಕ ಹೋದ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೆಟ್ಟಿಲ ಕಿಟಕಿಗಳೆಲ್ಲ ಹಾಲು ಬಳಿದ ಹಾಗೆ ಬೆಳ್ಳಗಿದ್ದವು. ಬಾಗಿಲು ತೆರೆದ ಮುದುಕಿ ಕಣ್ಣಿಗೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ ಇಟ್ಟುಕೊಂಡಿದ್ದಳು.

"ಮೊದಲು ಚಪ್ಪಲಿ ಬಿಡಿ. ಆಮೇಲೆ ಬಾಗಿಲು ಹಾಕಿ, ಚಿಲಕ ಬೇಡ. ಆಮೇಲೆ ಆ ಕುರ್ಚೀಲಿ ಕೂತ್ಕೊಳ್ಳಿ, ಪಕ್ಕದ್ದು ಅಲ್ಲಾಡುತ್ತೆ. ಕೂತ ಮೇಲೆ ಮಾತಾಡಿ."

ಅಕ್ಕ ಹೇಳಿದಂತೆ ಮಾಡಿದಳು. ಯಂತ್ರದ ಹೆಸರು ಹೇಳಿದ ಕೂಡಲೇ ಮುದುಕಿ ಕಿಟಕಿಯ ಬಿಳುಪಿನತ್ತ ತಿರುಗಿದಳು.

"ಅದನ್ನ ಕೇಳಿಕೊಂಡು ಯಾರೂ ಬಂದಿರ್ಲಿಲ್ಲ," ಅಂದಳು. "ಇದೆ. ಹೊಲಿಗೆ ಮಷೀನಿನ ಕಾಲಡೀಲಿ. ಒಂದು ಕಾಲು ಗಿಡ್ಡ ನೋಡಿ, ಅದಕ್ಕೆ ಕೊಟ್ಟಿದ್ದೆ. ಬೇರೆ ಯಾವ ಪುಸ್ತಕವೂ ಅಷ್ಟು ಸರಿಯಾಗಿ ಕೂರ್ತಿರ್ಲಿಲ್ಲ."

ಇಬ್ಬರೂ ಸೇರಿ ಮಷೀನನ್ನು ಓರೆ ಮಾಡಿದರು. ಅಕ್ಕ ಬಗ್ಗಿ ಪುಸ್ತಕ ಎಳೆದುಕೊಂಡಳು. ರಟ್ಟಿನ ಮೇಲೆ ಮಷೀನಿನ ಪಾದದ ಗುಂಡನೆಯ ಗುರುತು ಬಿದ್ದಿತ್ತು. ಬೆನ್ನಿನ ಹೊಲಿಗೆ ಹೊಸದರಂತೆ ಗಟ್ಟಿಯಿತ್ತು. ಯಾರೂ ಎಂದೂ ಪೂರ್ತಿ ಬಿಚ್ಚಿ ಓದದ ಪುಸ್ತಕ. ಇದು ಜೆರಾಕ್ಸ್ ಅಲ್ಲ, ಅಸಲು. ಮುದುಕಿ ಚಹಾ ಮಾಡಲು ಒಳಗೆ ಹೋದಳು. ಅಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳಿನಿಂದ ಹಾಳೆಗಳನ್ನು ಬಿಡುತ್ತಾ ಹೋದಳು. ಐದು, ಆರು, ಏಳು, ಹತ್ತು.

ಹೆಬ್ಬೆರಳು ನಿಂತಿತು.

ಎರಡು ಹಾಳೆ ಅಂಟಿಕೊಂಡಿರಬೇಕು ಎಂದು ಉಗುರಿನಿಂದ ಬಿಡಿಸಲು ನೋಡಿದಳು. ಬಿಡಿಸಲು ಏನೂ ಇರಲಿಲ್ಲ. ಮುಂದೆ ಹೋದಳು. ಹದಿನೇಳು, ಇಪ್ಪತ್ತು. ಇಪ್ಪತ್ತೇಳು, ಮೂವತ್ತು. ಇಲ್ಲೂ ಇಲ್ಲ. ಯಾರೂ ಮುಟ್ಟದ ಪುಸ್ತಕದಲ್ಲಿ, ಅವಳೆಂದೂ ಕಾಲಿಡದ ಮನೆಯಲ್ಲಿ, ಅವೇ ಪುಟಗಳಿಲ್ಲ. ಕನಸಿನ ಆ ಜೋಡಿ ಊರೂರಿನ ಮನೆಗಳಿಗೆ ಬೆಳಕು ಹರಿಯುವ ಮುಂಚೆ ಬಂದು, ಎಲ್ಲ ಪುಸ್ತಕಗಳಿಂದಲೂ ತಮ್ಮವರನ್ನು ಎಬ್ಬಿಸಿಕೊಂಡು ಹೋದ ಹಾಗೆ ಅವಳಿಗೆ ಅನ್ನಿಸಿತು.

ಮತ್ತೆ ಏಳಕ್ಕೆ ಬಂದಳು. ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. ಈ ಕಡೆ ಏಳು. ಅದೇ ಹಾಳೆಯ ಬೆನ್ನಿಗೆ, ಬೆಳಕಿನಲ್ಲಿ ತಿರುಗುಮುರುಗಾಗಿ ಕಾಣುತ್ತಾ, ಹತ್ತು.

ಪುಸ್ತಕದಿಂದ ಹಾಳೆ ಹರಿಯಬಹುದು, ಜಾರಬಹುದು, ಇಲಿ ತಿನ್ನಬಹುದು, ರದ್ದಿಯವನು ಒಯ್ಯಬಹುದು. ಆದರೆ ಒಂದೇ ಹಾಳೆಯ ಎದೆಗೂ ಬೆನ್ನಿಗೂ ನಡುವೆ ಇದ್ದ ಎರಡು ಪುಟಗಳನ್ನು ಯಾವ ಮನುಷ್ಯನೂ ತೆಗೆಯಲಾರ. ಅಲ್ಲಿ ಜಾಗವೇ ಇಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೀವನವಿಡೀ ಹಾಳೆಗಳ ನಡುವೆ ಬದುಕಿದ ಬೆರಳುಗಳು ಅದನ್ನು ಅವಳಿಗಿಂತ ಮೊದಲೇ ತಿಳಿದುಕೊಂಡಿದ್ದವು. ಅಪ್ಪನ ಪ್ರತಿ ಒಂದು ಬದಿಯ ಜೆರಾಕ್ಸ್. ಬೆನ್ನು ಖಾಲಿ. ಅದರಲ್ಲಿ ಇದು ಕಾಣುವಂತಿರಲಿಲ್ಲ.

ಮುದುಕಿ ಚಹಾ ತಂದಾಗ ಅಕ್ಕ ಇನ್ನೂ ಹಾಳೆಯನ್ನು ಬೆಳಕಿಗೆ ಹಿಡಿದೇ ಇದ್ದಳು.

"ಇದರಲ್ಲಿ ಎಂಟು, ಒಂಬತ್ತು ಎಲ್ಲಿ?" ಎಂದು ಕೇಳಿದಳು.

"ಇರಲ್ಲ."

"ಇರಲ್ಲ ಅಂದ್ರೆ?"

"ಎಲ್ಲಿಂದ ಬರ್ಬೇಕು?" ಮುದುಕಿ ಲೋಟ ಕೆಳಗಿಟ್ಟು ಮೂರು ಬೆರಳು ಎತ್ತಿ ತೋರಿಸಿದಳು. "ಆ ಯಂತ್ರದ ಸ್ವಿಚ್ಚು ಮೂರು ಮೂರರ ಗುಂಪು. ಮೂರು ಸ್ವಿಚ್ಚನ್ನ ಮೇಲೆ ಕೆಳಗೆ ಎಷ್ಟು ಥರ ಮಾಡಿದ್ರೂ ಸೊನ್ನೆಯಿಂದ ಏಳರವರೆಗೆ ಎಣಿಸಬಹುದು, ಅಷ್ಟೆ. ಎಂಟು ಅನ್ನೋ ಅಂಕೇನೇ ಆ ಯಂತ್ರ ನೋಡಿಲ್ಲ. ಏಳಾದ ಮೇಲೆ ಒಂದು ಸೊನ್ನೆ."

"ಹತ್ತು."

"ಹತ್ತು ಅನ್ಬೇಡಿ. ಒಂದು, ಸೊನ್ನೆ. ಹತ್ತು ಅಂದ್ರೆ ನಮ್ಮ ಎಂಜಿನಿಯರುಗಳು ಮುಖ ಸಿಂಡರಿಸ್ತಿದ್ರು. ಯಂತ್ರ ಹೇಗೆ ಎಣಿಸುತ್ತೋ ಪುಸ್ತಕಾನೂ ಹಾಗೇ ಎಣಿಸ್ಲಿ ಅಂತ ಯಜಮಾನರ ಹಠ. ಕೊಂಡವರೆಲ್ಲ ಪುಟ ಬಿಟ್ಟುಹೋಗಿದೆ ಅಂತ ಫೋನು ಮಾಡ್ತಿದ್ರು, ಬೈಸ್ಕೊಳ್ತಿದ್ದವಳು ನಾನು. ಕಡೆಗೆ ರಟ್ಟಿನ ಒಳಬದೀಲಿ ಒಂದು ಸಾಲು ಹಾಕಿಸ್ದೆ. ಓದಿ."

ಅಕ್ಕ ರಟ್ಟು ತಿರುಗಿಸಿದಳು. ಸಣ್ಣ ಅಕ್ಷರದಲ್ಲಿ ಇತ್ತು: ಈ ಪುಸ್ತಕದ ಪುಟಗಳನ್ನು ಎಂಟರ ಎಣಿಕೆಯಲ್ಲಿ ಗುರುತಿಸಿದೆ. ಜೆರಾಕ್ಸ್ ತೆಗೆಸುವವರು ರಟ್ಟನ್ನು ತೆಗೆಸುವುದಿಲ್ಲ. ಅಪ್ಪನಿಗಂತೂ ಆ ಸಾಲು ಬೇಕೇ ಇರಲಿಲ್ಲ.

"ಯಾಕಮ್ಮಾ, ಅಳ್ತಿದ್ದೀರಾ ನಗ್ತಿದ್ದೀರಾ?" ಎಂದು ಮುದುಕಿ ತಲೆಯ ಮೇಲಿದ್ದ ಕನ್ನಡಕ ಇಳಿಸಿ ನೋಡಿದಳು.

"ಗೊತ್ತಾಗ್ತಿಲ್ಲ," ಅಂದಳು ಅಕ್ಕ.

"ಹಾಗಾದ್ರೆ ಮೊದಲು ಚಹಾ ಕುಡೀರಿ. ಆಮೇಲೆ ಯಾವುದು ಅಂತ ನೋಡೋಣ."

ಹೊರಡುವಾಗ ಮುದುಕಿ ಪುಸ್ತಕವನ್ನೇ ಕೊಟ್ಟುಬಿಟ್ಟಳು. ಗಿಡ್ಡ ಕಾಲಿಗೆ ಬೇರೇನಾದರೂ ಮಡಚಿ ಇಟ್ಟರಾಯಿತು ಎಂದಳು. ಅಕ್ಕ ಕೋಳಿಶೆಡ್ಡಿನ ಮಾವನಿಗೆ ಫೋನು ಮಾಡಿ ವಿಷಯ ಹೇಳಿದಾಗ ಅವರು, "ಅಲ್ಲಮ್ಮಾ, ಯಾವ ಪುಟ ಅಂತ ಅವತ್ತು ಬಾಯಿ ಬಿಟ್ಟಿದ್ರೆ ನಿಂತ ಕಾಲಲ್ಲೇ ಹೇಳ್ತಿದ್ದೆನಲ್ಲ," ಅಂದರು. ಅವಳಿಗೂ ಅದು ಹೊಳೆದಿತ್ತು. ಹೇಳದೆ ಉಳಿಸಿಕೊಂಡ ಮಾತು ಎಷ್ಟು ದೂರ ಸುತ್ತಿಸಿತ್ತು ಎಂದು ಅವಳು ಬಸ್ಸಿನ ಕಿಟಕಿಗೆ ಹಣೆ ಆನಿಸಿ ಯೋಚಿಸುತ್ತಿದ್ದಳು. ಬಸ್ಸು ತಮ್ಮನ ಕಡೆಗೆ ಹೋಗುತ್ತಿತ್ತು. ಮಂಜಿನಲ್ಲಿ ಸಮುದ್ರ ಕಾಣುತ್ತಿರಲಿಲ್ಲ, ರಸ್ತೆಯ ಆ ಬದಿಗೆ ಲೋಕ ಮುಗಿದಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಏನು ಹೇಳಲಿ? ನಾನು ಕಳೆಯಲಿಲ್ಲ ಅನ್ನಲೇ? ತಪ್ಪೆಣಿಸಿದೆ ಅನ್ನಲೇ? ಎಣಿಸಿದ್ದೂ ಸರಿಯೇ ಇತ್ತು. ಇಲ್ಲದ್ದನ್ನು ಇಲ್ಲ ಎಂದು ಬರೆದಿದ್ದಳು. ಅದು ಎಂದೂ ಇರಲೇ ಇಲ್ಲ ಎಂದು ಬರೆಯಲು ಅವಳ ಚೀಟಿಯಲ್ಲಿ ಜಾಗವಿರಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ತಮ್ಮನ ಹೆಂಡತಿ ಅವಳನ್ನು ಕಂಡು, ಏನೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ತಮ್ಮ ಲಿಫ್ಟಿನ ಮೋಟಾರೊಂದನ್ನು ಬಿಚ್ಚಿ ಕೂತಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವಳು ನೋಡದೇ ಇದ್ದಾಗ ಆದ ಬಿಳುಪು. ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ, ಸ್ಪ್ಯಾನರನ್ನು ಒಂದೇ ಕಡೆ ಎರಡು ಸಲ ತಿರುಗಿಸಿದ.

"ಲಾರಿ ನಾಡಿದ್ದು ಬರುತ್ತೆ," ಅಂದ. "ಅದನ್ನ ತಡೆಯೋಕೆ ಬಂದಿದ್ರೆ ಬೇಡ."

ಅಕ್ಕ ಚೀಲದಿಂದ ಪುಸ್ತಕ ತೆಗೆದು, ಏಳನೆಯ ಪುಟ ಬಿಚ್ಚಿ, ಅವನ ಎದುರಿಗೆ ಹಿಡಿದಳು. ಅವನು ನೋಡಿದ. ಅವಳು ಹಾಳೆ ಮಗುಚಿದಳು. ಅವನು ನೋಡಿದ. ಅವಳು ಮತ್ತೆ ಏಳಕ್ಕೆ ತಿರುಗಿಸಿ, ಮತ್ತೆ ಹತ್ತಕ್ಕೆ ಮಗುಚಿದಳು.

ಸ್ಪ್ಯಾನರು ನಿಂತಿತು. ಶೆಡ್ಡಿನಾಚೆ ಎಲ್ಲೋ ಒಂದು ಹಡಗು ಮಂಜಿಗೆ ಹೆದರಿದ ಹಾಗೆ ಉದ್ದಕ್ಕೆ ಕೂಗಿತು.

"ಎಂಟರ ಎಣಿಕೆ," ಅಂದ ತಮ್ಮ, ಬಹಳ ಮೆಲ್ಲಗೆ. "ಅಯ್ಯೋ ನನ್ನ ಬುದ್ಧಿಗಿಷ್ಟು."

"ನಿಂಗೆ ಗೊತ್ತಿತ್ತಾ?"

"ಸ್ವಿಚ್ಚಲ್ಲಿ ಎಂಟಿಲ್ಲ ಅಂತ ಸಣ್ಣವನಿದ್ದಾಗ್ಲೇ ಅಪ್ಪ ತೋರಿಸಿದ್ರು." ಅವನು ಗ್ರೀಸಿನ ಕೈಯನ್ನು ಹಣೆಗೆ ಒರೆಸಿಕೊಂಡ. "ಪುಟ ಎಣಿಸಿ ನೋಡೋಕೆ ಹೋಗ್ಲೇ ಇಲ್ಲ ಕಣಕ್ಕ. ನೀನು ಎಣಿಸಿದ್ದು ಅಂದ್ಮೇಲೆ ಮತ್ತೆ ಯಾರು ಎಣಿಸ್ತಾರೆ?"

ಅವಳು ಮಗುಚಿ ಇಟ್ಟಿದ್ದ ಒಂದು ಬಕೆಟ್ಟಿನ ಮೇಲೆ ಕೂತಳು. ಇಷ್ಟು ವರ್ಷ ಅವನು ಅವಳ ಎಣಿಕೆಯನ್ನು ನಂಬಿಕೊಂಡಿದ್ದ. ಆ ನಂಬಿಕೆಯ ಬಲದಿಂದಲೇ ಅವಳನ್ನು ಬಿಟ್ಟಿದ್ದ. ಇದಕ್ಕೆ ಸಿಟ್ಟು ಮಾಡುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

"ಆದ್ರೂ ರದ್ದಿಗೆ ಹಾಕಿದ್ದು ನಿಜ ಪುಟ್ಟ," ಅಂದಳು. "ಕಟ್ಟುಗಟ್ಲೆ ಕೊಟ್ಟೆ. ಏನೇನಿತ್ತೋ, ನೋಡ್ಲಿಲ್ಲ. ನೋಡೋಕಾಗ್ಲಿಲ್ಲ."

"ನಾನೂ ಬರ್ಬೇಕಿತ್ತು ಅವತ್ತು." ಅವನು ಮೋಟಾರಿನ ತಂತಿಗಳನ್ನು ನೋಡುತ್ತಾ ಹೇಳಿದ. "ಕೆಲಸ ಇದೆ ಅಂದಿದ್ದೆ. ಯಾವ ಕೆಲಸಾನೂ ಇರ್ಲಿಲ್ಲ. ಬೀದಿ ಮೂಲೆವರೆಗೆ ಬಂದು ಹೊರಗಿಂದ ಆ ಕೋಣೆ ಕಿಟಕಿ ನೋಡಿ ವಾಪಸ್ ಹೋದೆ."

ಅದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಕೂತರು. ಈ ಮೌನ ಬೇರೆಯದಾಗಿತ್ತು. ಅದರಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು.

ತಮ್ಮನ ಹೆಂಡತಿ ಒಳಗಿನಿಂದ, "ಯಂತ್ರದ ಮೇಲಿನ ಬಟ್ಟೆ ತೆಗೀಲಾ ಅಥವಾ ಇಬ್ರೂ ಹಿಂಗೇ ಕೂತಿರ್ತೀರಾ?" ಎಂದಳು.

ಅವನು ಯಂತ್ರಕ್ಕೆ ಕರೆಂಟು ಕೊಟ್ಟ. ಫ್ಯಾನು ಸಣ್ಣಗೆ ಸುಯ್ಯೆಂದಿತು, ಎದುರಿನ ದೀಪಗಳು ಅರ್ಥವಿಲ್ಲದೆ ಅಲ್ಲಲ್ಲಿ ಹತ್ತಿದವು. ತಮ್ಮ ಸ್ವಿಚ್ಚುಗಳ ಮುಂದೆ ಮಂಡಿಯೂರಿದ. ಅಕ್ಕ ಓದಿ ಹೇಳುತ್ತಾ ಹೋದಳು. ಎಣಿಸುವವಳು ಮೊದಲ ಬಾರಿಗೆ ಓದುವವಳಾಗಿದ್ದಳು. ಅವನ ಬೆರಳು ಮೇಲೆ, ಕೆಳಗೆ, ಮೇಲೆ ಎಂದು ಆಡುವಾಗ ಕಟಕಟ ಸದ್ದು ಬರುತ್ತಿತ್ತು. ಪ್ರತಿ ಪುಟಕ್ಕೂ ಒಂದು ದೊಡ್ಡ ಗುಂಡಿ ಒತ್ತಿ, ಮುಂದೆ ಅನ್ನುತ್ತಿದ್ದ. ಏಳಾದ ಮೇಲೆ ಅವಳು ಹಾಳೆ ಮಗುಚಿ, "ಒಂದು, ಸೊನ್ನೆ," ಅಂದಳು. ಅವನು ತಿರುಗಿ ನೋಡಿ ನಕ್ಕ. ಹಲ್ಲಿನ ಸಂದಿ ಹಾಗೇ ಇತ್ತು.

ಮೊದಲ ಸಲ ಯಂತ್ರ ಏಳಲಿಲ್ಲ.

"ಎಲ್ಲೋ ತಪ್ಪು ಓದಿದೆ ನೀನ್."

"ತಪ್ಪು ಒತ್ತಿದೆ ನೀನು."

"ನಾನು ದಿನಾ ಜನರನ್ನ ಮೇಲೆ ಕೆಳಗೆ ಕಳಿಸೋನು. ನಂಗೆ ಸ್ವಿಚ್ಚು ಹೇಳ್ಕೊಡ್ತಾಳೆ."

"ಅದಕ್ಕೇ ಅರ್ಧ ಊರು ಮೆಟ್ಟಿಲು ಹತ್ತೋದು. ಮೊದಲಿಂದ ಮಾಡು."

ಎರಡನೆಯ ಸಲ, ಕೊನೆಯ ಪುಟದ ಗುಂಡಿ ಒತ್ತಿದಾಗ, ಪಕ್ಕದಲ್ಲಿ ಸಿಕ್ಕಿಸಿದ್ದ ಕಾಗದದ ಸುರುಳಿ ಒಮ್ಮೆ ಜಗ್ಗಿತು. ಆಮೇಲೆ ಸರಸರನೆ ಯಂತ್ರದ ಬಾಯೊಳಗೆ ಹರಿದು, ಇನ್ನೊಂದು ಕಡೆಯಿಂದ ಮಡಿಕೆ ಮಡಿಕೆಯಾಗಿ ನೆಲದ ಮೇಲೆ ಬೀಳತೊಡಗಿತು. ತೂತುಗಳಿಂದ ಬೆಳಕು ಸಣ್ಣ ಸಣ್ಣ ಚುಕ್ಕಿಗಳಾಗಿ ಗೋಡೆಯ ಮೇಲೆ ಓಡಿತು. ಮೂವರೂ ನೋಡುತ್ತಾ ನಿಂತರು. ಅಕ್ಕನಿಗೆ ತಾನು ಎಚ್ಚರವಿದ್ದೇನೋ ಇಲ್ಲವೋ ತಿಳಿಯಲಿಲ್ಲ, ತಿಳಿಯಬೇಕು ಅಂತಲೂ ಅನ್ನಿಸಲಿಲ್ಲ. ಸುರುಳಿ ಮುಗಿಯಿತು. ದೀಪಗಳೆಲ್ಲ ಒಂದು ಸಾಲಿಗೆ ಬಂದು ನಿಂತವು. ಅದಕ್ಕೆ ಜೋಡಿಸಿದ್ದ ಟೈಪು ಯಂತ್ರ ಕೆಮ್ಮಿದ ಹಾಗೆ ಕುಲುಕಿ, ಕಾಗದದ ಮೇಲೆ ಒಂದು ಪದ ಒತ್ತಿ, ಅದರ ಮುಂದೆ ಪ್ರಶ್ನೆಯ ಚಿಹ್ನೆ ಇಟ್ಟು ಸುಮ್ಮನಾಯಿತು.

"ದಿನಾಂಕ ಕೇಳ್ತಿದೆ," ಅಂದ ತಮ್ಮ. "ಯಾವ ದಿನದ ಉಬ್ಬರ ಬೇಕು ಅಂತ."

"ಇವತ್ತಿಂದು ಕೊಡು."

"ಇವತ್ತಿಂದು ಆಗ್ಲೇ ಅರ್ಧ ಆಗಿಹೋಯ್ತು. ಅದನ್ನ ಯಂತ್ರದಿಂದ ಯಾಕೆ ಕೇಳ್ಬೇಕು?"

"ಮತ್ತೆ ಯಾವುದು? ಹಳೇದಾ?"

"ಹಳೇದು ಬೇಡ," ಅಂದ ಅವನು, ಬೇಗ. ಬೆರಳು ಟೈಪು ಯಂತ್ರದ ಮೇಲೆ ತೂಗುತ್ತಿತ್ತು. "ನಾಳೇದು ಕೊಡಬಹುದು. ಆದ್ರೆ ನಾಳೆ ಬೆಳಿಗ್ಗೆ ಸಮುದ್ರದ ಹತ್ರ ನಿಂತು ಸರಿಯಾಗಿ ಬಂತಾ ಅಂತ ನೋಡ್ಬೇಕಾಗುತ್ತೆ. ನೀನು ಸಾಯಂಕಾಲದ ಬಸ್ಸಿಗೆ ಹೋಗೋಳು."

ಅಕ್ಕ ನೆಲದ ಮೇಲೆ ಬಿದ್ದಿದ್ದ ಕಾಗದದ ಪಟ್ಟಿಯನ್ನು ಎತ್ತಿ, ಅದರ ಮಡಿಕೆಗಳನ್ನು ರೂಢಿಯಿಂದ ಒಂದರ ಮೇಲೊಂದು ಸರಿಮಾಡುತ್ತಾ ನಿಂತಳು. ಬದಲು ಬಟ್ಟೆಯನ್ನೂ ತಂದಿರಲಿಲ್ಲ.

"ನಾಡಿದ್ದಿಂದು ಕೊಡು," ಅಂದಳು.